ಮೊದಲ ವಾರ್ಡ್ ಪೋಸ್ಟಿಂಗ್‌ಗೆ ಹೊರಟಿದ್ದೀರಾ?

ನರ್ಸಿಂಗ್ ಲ್ಯಾಬಿನ ಗೊಂಬೆಗೆ ನೀವು ಎಷ್ಟೇ ಸಲ ಮೈ ಒರೆಸಿರಿ, ಅದು "ಮೆಲ್ಲಗಮ್ಮಾ, ನೋಯ್ತದೆ" ಅನ್ನುವುದಿಲ್ಲ. ವಾರ್ಡಿನಲ್ಲಿ ಅನ್ನುತ್ತಾರೆ. ಕಾಲೇಜಿಗೂ ಪೋಸ್ಟಿಂಗ್‌ಗೂ, ಅಂದರೆ ಆಸ್ಪತ್ರೆಯಲ್ಲಿ ನಿಜವಾದ ರೋಗಿಗಳ ನಡುವೆ ಕಲಿಯುವುದಕ್ಕೂ, ಇರುವ ವ್ಯತ್ಯಾಸ ಇಷ್ಟೇ, ಆದರೆ ಸಣ್ಣದಲ್ಲ.

ಹೊರಡುವ ಮುಂಚೆ

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಇವತ್ತು, 1 ತಿಂಗಳಿಗೆ, 6 ತಿಂಗಳಿಗೆ. ಹಾಗಾಗಿ ಕಾಲೇಜು ಸೇರಿದ ಕೂಡಲೇ ಶುರು ಮಾಡಿ. ಜೇಬಿನಲ್ಲಿ ಸೆಕೆಂಡ್ ಮುಳ್ಳಿರುವ ವಾಚು, ಚಿಕ್ಕ ಡೈರಿ, ಎರಡು ಪೆನ್ನು ಇರಲಿ. ಒಂದನ್ನು ಯಾರೋ ಡಾಕ್ಟರು ಇಸ್ಕೊಂಡು ಹೋಗುತ್ತಾರೆ, ಅದು ವಾಪಸ್ ಬರುವುದಿಲ್ಲ. ಬಳೆ, ಉಂಗುರ ಬೇಡ. ತಿಂಡಿ ತಿಂದೇ ಹೋಗಿ. ಖಾಲಿ ಹೊಟ್ಟೆಯಲ್ಲಿ ಮೊದಲ ಡ್ರೆಸ್ಸಿಂಗ್ ನೋಡಿ ತಲೆ ಸುತ್ತಿ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

ವಾರ್ಡಿನೊಳಗೆ

ಬೆಳಿಗ್ಗೆ ಹ್ಯಾಂಡೋವರ್. ರಾತ್ರಿ ಡ್ಯೂಟಿ ಸಿಸ್ಟರ್ ಬೆಡ್ಡಿನಿಂದ ಬೆಡ್ಡಿಗೆ ಹೋಗುತ್ತಾ ಪಟಪಟ ಹೇಳುತ್ತಾರೆ. ಅರ್ಧವೂ ಅರ್ಥವಾಗುವುದಿಲ್ಲ. ಸುಮ್ನೆ ಬರೆದುಕೊಳ್ಳಿ, ಆಮೇಲೆ ಕೇಳಿ. ನಂತರ ಹಾಸಿಗೆ ಸರಿಪಡಿಸುವುದು, ಜ್ವರ, ನಾಡಿ, ಬಿಪಿ ನೋಡುವುದು. ಇಂಜೆಕ್ಷನ್ ಕೊಡುವ ಆಸೆ ಇದ್ದರೆ ಸ್ವಲ್ಪ ದಿನ ತಡೆಯಿರಿ.

ಉಸಿರು ಎಣಿಸುವುದರಲ್ಲಿ ಒಂದು ಉಪಾಯವಿದೆ. "ಉಸಿರು ಎಣಿಸ್ತೀನಿ" ಅಂದರೆ ಸಾಕು, ರೋಗಿಯ ಉಸಿರಾಟದ ಲಯವೇ ಬದಲಾಗುತ್ತದೆ. ಹಾಗಾಗಿ ನಾಡಿ ಎಣಿಸಿ ಮುಗಿದರೂ ಕೈ ಬಿಡಬೇಡಿ. ಮಣಿಕಟ್ಟು ಹಿಡಿದುಕೊಂಡೇ ಎದೆ ಏರಿಳಿಯುವುದನ್ನು ಪೂರ್ತಿ 1 ನಿಮಿಷ ನೋಡಿ. ದೊಡ್ಡವರಲ್ಲಿ ಸಾಮಾನ್ಯವಾಗಿ 12ರಿಂದ 20. ಎಲ್ಲರ ಚಾರ್ಟಿನಲ್ಲೂ 18 ಅಂತ ಅಂದಾಜಿಗೆ ಬರೆದರೆ ಇನ್‌ಚಾರ್ಜ್ ಸಿಸ್ಟರ್‌ಗೆ ಗೊತ್ತಾಗಿಯೇ ಆಗುತ್ತದೆ!

ಮಾತಿನದು ಇನ್ನೊಂದು ಕಥೆ. ಉತ್ತರ ಕರ್ನಾಟಕದ ಅಜ್ಜಿಯೊಬ್ಬರು "ಹೊಟ್ಟಿ ಕಡೀತೈತಿ" ಅಂದಾಗ ಮಂಡ್ಯದ ಹುಡುಗಿ ಹೊಟ್ಟೆಯ ಮೇಲೆ ತುರಿಕೆ ಅಂತ ಬರೆದುಕೊಂಡಿದ್ದಳು. ಅಜ್ಜಿಗೆ ಇದ್ದದ್ದು ಹೊಟ್ಟೆ ನುಲಿತ. ಅರ್ಥವಾಗದಿದ್ದರೆ "ಎಲ್ಲಿ, ಕೈಯಿಟ್ಟು ತೋರಿಸಿ ಅಜ್ಜಿ" ಅನ್ನಿ.

ಸೂಜಿ ವಿಷಯ

ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ. ಅದು ಸೀದಾ ಬಿಳಿ ಡಬ್ಬಿಗೆ ಹೋಗಬೇಕು. ಚುಚ್ಚಿಕೊಂಡರೆ ಬೆರಳು ಹಿಂಡಬೇಡಿ, ಬಾಯಿಗೆ ಇಡಬೇಡಿ. ಸೋಪು ನೀರಲ್ಲಿ ತೊಳೆದು ತಕ್ಷಣ ಹೇಳಿ. ಬೈತಾರೆ ಅಂತ ಮುಚ್ಚಿಟ್ಟವರೂ ಇದ್ದಾರೆ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಅದನ್ನು 2 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಬಾರದು. ಬೈಗುಳ ಅಷ್ಟು ಹೊತ್ತು ಇರುವುದಿಲ್ಲ.

ಹಾಜರಿ, ಲಾಗ್ ಬುಕ್

ಬಿ.ಎಸ್ಸಿ. ನರ್ಸಿಂಗ್ ಪರೀಕ್ಷೆಗೆ ಕೂರಲು 80% ಹಾಜರಿ ಸಾಕು. ಡಿಗ್ರಿ ಕೈಗೆ ಸಿಗಬೇಕಾದರೆ ಕ್ಲಿನಿಕಲ್ ಹಾಜರಿ 100% ಆಗಿರಬೇಕು. ತಪ್ಪಿದ ದಿನಗಳನ್ನು ಆಮೇಲೆ ತುಂಬಿಸಿಕೊಡಬೇಕು. ವಾರ್ಡಿನಲ್ಲಿ ಮಾಡಿದ ಕೆಲಸ ಬರೆದಿಡುವ ಲಾಗ್ ಬುಕ್ಕಿಗೆ ಅವತ್ತಿನ ಸೈನ್ ಅವತ್ತೇ ಹಾಕಿಸಿಕೊಳ್ಳಿ.

ಮುಂದೆ ಹೆರಿಗೆ, ಮಕ್ಕಳು, ಆಪರೇಷನ್ ಥಿಯೇಟರ್, ಮಾನಸಿಕ ಆರೋಗ್ಯ ಎಲ್ಲ ಬರುತ್ತವೆ. ನನಗೆ ಇಷ್ಟವಾದದ್ದು ಕಮ್ಯುನಿಟಿ ಪೋಸ್ಟಿಂಗ್. ಅಲ್ಲಿ ಹಳ್ಳಿಯ ಜನರ ಮನೆಗೆ ಹೋದಾಗ ನಮ್ಮ ಸಾಮಾನಿನ ಬ್ಯಾಗನ್ನು ನೇರವಾಗಿ ನೆಲಕ್ಕೆ ಇಡುವ ಹಾಗಿಲ್ಲ, ಹಳೆ ಪೇಪರ್ ಹಾಸಿ ಅದರ ಮೇಲಿಡಬೇಕು. ಛತ್ರಿ, ನೀರಿನ ಬಾಟಲಿ ಮರೆಯಬೇಡಿ. ಹಳ್ಳಿಯಿಂದ ವಾಪಸ್ ಬರುವ ಬಸ್ಸು ನಿಮ್ಮ ಊಟದ ಹೊತ್ತಿಗೆ ಕಾಯುವುದಿಲ್ಲ.