ಸೆರಗನ್ನು ಮಗುಚಿ ನೋಡುವವರು

ನನ್ನ ಮೊದಲ ಕಸೂತಿಯನ್ನು ಸೋದರತ್ತೆಯ ಕೈಗೆ ಕೊಟ್ಟಾಗ ಅವರು ಅದರ ಮುಖವನ್ನು ನೋಡಲೇ ಇಲ್ಲ. ಬಟ್ಟೆಯನ್ನು ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದು, ಹಿಂಬದಿಯ ಮೇಲೆ ಬೆರಳಾಡಿಸಿದರು. ಉಗುರಿಗೆ ಒಂದು ಗಂಟು ತಾಗಿತು. "ಬಿಚ್ಚಿ ಹಾಕು ತಂಗಿ" ಎಂದು ವಾಪಸು ಕೊಟ್ಟರು. ನವಿಲು ಹೇಗೆ ಬಂದಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಧಾರವಾಡದ ಕಡೆ ಕಸೂತಿಯನ್ನು ಹೀಗೆಯೇ ಪರೀಕ್ಷಿಸುತ್ತಾರೆ. ಇದಕ್ಕಿರುವುದು ನಾಲ್ಕೇ ಹೊಲಿಗೆ. ಗವಂತಿ ಗೆರೆಯ ಹೊಲಿಗೆ, ಮುರ್ಗಿ ಮೆಟ್ಟಿಲಿನಂತೆ ಏರಿಳಿಯುತ್ತದೆ. ಇವೆರಡೂ ಬಟ್ಟೆಯ ಎರಡೂ ಬದಿಗೆ ಒಂದೇ ರೀತಿ ಕಾಣಬೇಕು. ನೇಗಿ ಎಂದರೆ ಸೂಜಿಯಲ್ಲೇ ನೇಯ್ದಂತೆ ಕಾಣುವ ಉದ್ದ-ಗಿಡ್ಡ ಎಳೆಗಳು. ಮೆಂತೆ ಕತ್ತರಿ ಆಕಾರದ ಹೊಲಿಗೆ, ಚಿತ್ತಾರದ ಒಡಲು ತುಂಬುವುದಕ್ಕೆ. ಬಟ್ಟೆಯ ಮೇಲೆ ಪೆನ್ಸಿಲ್ಲಿನ ಗುರುತಿಲ್ಲ, ಅಚ್ಚೂ ಇಲ್ಲ. ಎಳೆ ಎಣಿಸುವುದು, ಸೂಜಿ ಚುಚ್ಚುವುದು, ಮತ್ತೆ ಎಣಿಸುವುದು, ಅಷ್ಟೇ.

ಎರಡು ವರ್ಷ, ಎಳೆಗಳು ಬಿಡಿಬಿಡಿಯಾಗಿ ಕಾಣುವ ಮ್ಯಾಟಿ ಬಟ್ಟೆಯ ಮೇಲೆ ಕೈ ಪಳಗಿಸಿದ ಮೇಲೆ, ಅಣ್ಣನ ಮಗಳ ಮದುವೆಗೆಂದು ಚಂದ್ರಕಾಳಿ ಸೀರೆಗೆ ಕೈ ಹಾಕಿದೆ. ಮದುವಣಗಿತ್ತಿಗೆ ಕಪ್ಪು ಸೀರೆಯೇ ಎಂದು ಮೈಸೂರು ಕಡೆಯ ನೆಂಟರು ಹುಬ್ಬೇರಿಸಿದರು. ನಮ್ಮಲ್ಲಿ ಕಸೂತಿ ಹಾಕಿದ ಚಂದ್ರಕಾಳಿಯನ್ನು ಮದುವೆಯಲ್ಲಿ ಕೊಡುವ ವಾಡಿಕೆ ಹಳೆಯದು. ಕೆಂಪು, ಹಳದಿ, ಹಸಿರು ದಾರ ಅಷ್ಟು ಕಳೆಗಟ್ಟುವುದು ಆ ಕಪ್ಪಿನ ಮೇಲೆ ಮಾತ್ರ. ಸೆರಗಿನ ತುದಿಗೆ ದೊಡ್ಡ ಚಿತ್ತಾರಗಳು: ಗೋಪುರ, ತೇರು, ಅಂಬಾರಿ ಹೊತ್ತ ಆನೆ, ತುಳಸಿಕಟ್ಟೆ. ಒಡಲಿನ ಕಡೆ ಬಂದಂತೆ ಅವು ಕಿರಿದಾಗುತ್ತ, ಹಕ್ಕಿಯಾಗಿ, ಹೂವಾಗಿ, ಕೊನೆಗೆ ಚಿಕ್ಕ ಬುಟ್ಟಾ ಆಗಿ ನಿಲ್ಲುತ್ತವೆ.

ಕಪ್ಪು ಬಟ್ಟೆಯ ಎಳೆ ಎಣಿಸುವುದು ಕಣ್ಣಿಗೆ ಶಿಕ್ಷೆ. ಅತ್ತೆ ಹೇಳಿಕೊಟ್ಟ ಉಪಾಯ ಸರಳವಾಗಿತ್ತು: ತೊಡೆಯ ಮೇಲೆ ಬಿಳಿ ಪಂಚೆ ಹಾಸಿ, ಅದರ ಮೇಲೆ ಸೀರೆ ಇಟ್ಟುಕೊಳ್ಳುವುದು. ಆಗ ಎಳೆಗಳ ನಡುವಿನ ಸಂದಿಗಳಲ್ಲಿ ಬಿಳುಪು ಇಣುಕುತ್ತದೆ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದೂವರೆ, ಅದಕ್ಕಿಂತ ಹೆಚ್ಚು ಕೂರಲಿಲ್ಲ. ದೀಪದ ಬೆಳಕಿನಲ್ಲಿ ಹಾಕಿದ್ದನ್ನೆಲ್ಲ ಮರುದಿನ ಬಿಚ್ಚಬೇಕಾಗುತ್ತಿತ್ತು.

ಇನ್ನೊಂದು ಸಂಗತಿಯನ್ನು ಪೆಟ್ಟು ತಿಂದೇ ಕಲಿತೆ. ಒಂದು ಅಂಗುಲದಲ್ಲಿ ಹಾಸಿನ, ಅಂದರೆ ಉದ್ದದ, ಎಳೆ ಎಷ್ಟಿವೆಯೋ ಹೊಕ್ಕಿನ, ಅಂದರೆ ಅಡ್ಡದ, ಎಳೆಯೂ ಅಷ್ಟೇ ಇರಬೇಕೆಂದೇನೂ ಇಲ್ಲ. ಎರಡೂ ಕಡೆ ನಾಲ್ಕು ನಾಲ್ಕು ಎಳೆ ಎಣಿಸಿ ಹಾಕಿದ ನನ್ನ ಚೌಕ ತುಳಸಿಕಟ್ಟೆ, ನೋಡಿದರೆ ಪೆಟ್ಟಿಗೆಯಂತೆ ಉದ್ದವಾಗಿತ್ತು. ಅಂದಿನಿಂದ ಹೊಸ ಬಟ್ಟೆ ಬಂದರೆ ಮೊದಲು ಮೂಲೆಯಲ್ಲಿ ಒಂದು ಪುಟ್ಟ ಚೌಕ ಹಾಕಿ ಅಳೆಯುತ್ತೇನೆ.

ಗವಂತಿಯ ಕಷ್ಟ ಕೈಯಲ್ಲಿಲ್ಲ, ದಾರಿಯಲ್ಲಿದೆ. ಸೂಜಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಎಂದು ಗೆರೆಯುದ್ದಕ್ಕೂ ಸಾಗುತ್ತದೆ. ಹೋಗುವಾಗ ಬಿಟ್ಟ ಸಂದಿಗಳನ್ನು ಹಿಂದಿರುಗುವಾಗ ತುಂಬುತ್ತದೆ. ನೇರ ಗೆರೆಯಾದರೆ ಮಕ್ಕಳಾಟ. ಗೋಪುರ ನೇರ ಗೆರೆಯಲ್ಲ. ಅದಕ್ಕೆ ಅಂತಸ್ತುಗಳಿವೆ, ಬಾಗಿಲಿದೆ, ತುದಿಯಲ್ಲಿ ಕಳಸವಿದೆ, ಪಕ್ಕಕ್ಕೆ ಚಾಚಿದ ಕೊಂಬೆಗಳಿವೆ. ಕವಲು ಸಿಕ್ಕಲ್ಲಿ ಅದರ ತುದಿಯವರೆಗೆ ಹೋಗಿ, ಸಂದಿ ತುಂಬುತ್ತ ಕವಲಿನ ಬುಡಕ್ಕೆ ಬಂದು, ಮತ್ತೆ ಮುಖ್ಯ ಗೆರೆ ಹಿಡಿಯಬೇಕು. ಹೋಗಿ ಬಂದ ಹೊಲಿಗೆಗಳ ಲೆಕ್ಕ ಯಾವಾಗಲೂ ಸಮ ಸಂಖ್ಯೆಯಾಗುವುದರಿಂದ ಮೇಲೆ-ಕೆಳಗಿನ ಲಯ ಕೆಡುವುದಿಲ್ಲ. ಅಡಚಣೆಯೆಲ್ಲ ಬಾಗಿಲಿನಂಥ ಮುಚ್ಚಿದ ಆಕಾರಗಳಲ್ಲಿ. ಚೌಕವನ್ನು ಒಂದು ಸುತ್ತು ಸುತ್ತಿ ಬಂದು ಅದೇ ದಿಕ್ಕಿನಲ್ಲಿ ಎರಡನೆಯ ಸುತ್ತು ಹೊರಟರೆ, ಮೊದಲು ಹಾಕಿದ ಹೊಲಿಗೆಯ ಮೇಲೆಯೇ ಮತ್ತೆ ಹೊಲಿಗೆ ಬೀಳುತ್ತದೆ, ಸಂದಿ ಸಂದಿಯಾಗಿಯೇ ಉಳಿಯುತ್ತದೆ. ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಬೇಕು. ಹೀಗೇಕೆ ಎಂದು ಅತ್ತೆ ಎಂದೂ ವಿವರಿಸಲಿಲ್ಲ. ರೂಲು ಹಾಳೆಯ ಮೇಲೆ ಒಂದು, ಎರಡು ಎಂದು ಅಂಕಿ ಬರೆದು ನಾನೇ ಕಂಡುಕೊಂಡೆ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ಅವರು ಈ ಲೆಕ್ಕವನ್ನು ಬೆರಳಿನಲ್ಲೇ ಇಟ್ಟುಕೊಂಡಿದ್ದಾರೆ ಎಂಬುದು ಇಂದಿಗೂ ನನಗೆ ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ.

ಗಂಟು ಹಾಕುವಂತಿಲ್ಲವಾದ್ದರಿಂದ ಆರಂಭದಲ್ಲಿ ಬೆರಳುದ್ದ ದಾರ ಬಿಟ್ಟಿರುತ್ತೇನೆ. ಗೆರೆ ಮುಗಿದ ಮೇಲೆ ಅದನ್ನು ಹೊಲಿಗೆಗಳೊಳಗೇ ನುಸುಳಿಸಿ ಕತ್ತರಿಸುತ್ತೇನೆ.

ಮೂರನೆಯ ತಿಂಗಳಲ್ಲಿ ಆದದ್ದನ್ನು ಹೇಳಲೇಬೇಕು. ಎರಡು ಗೋಪುರಗಳ ನಡುವೆ ಆನೆ ನಿಲ್ಲಬೇಕಿತ್ತು. ಎಡಗಡೆಯಿಂದ ಬಂದ ಗೆರೆ, ಬಲಗಡೆಯಿಂದ ಬಂದ ಗೆರೆ ಅಂಬಾರಿಯ ನೆತ್ತಿಯಲ್ಲಿ ಕೂಡಲಿಲ್ಲ. ಒಂದೇ ಒಂದು ಎಳೆಯ ಅಂತರ. ಭೂತಗನ್ನಡಿ ಹಿಡಿದು ಹಿಂದಕ್ಕೆ ಎಣಿಸುತ್ತ ಹೋದರೆ, ತಪ್ಪು ಹನ್ನೊಂದು ದಿನ ಹಿಂದಿನ ಎಡ ಗೋಪುರದ ಎರಡನೆಯ ಅಂತಸ್ತಿನಲ್ಲಿತ್ತು: ನಾಲ್ಕರ ಬದಲು ಮೂರು ಎಳೆ. ಯಾರಿಗೆ ಕಾಣುತ್ತದೆ, ಹೇಗೋ ಎಳೆದು ಕೂಡಿಸೋಣ ಎಂದು ಒಂದು ಸಂಜೆ ಪ್ರಯತ್ನಿಸಿದ್ದೂ ಉಂಟು. ಬಟ್ಟೆ ಅಲ್ಲಿಯೇ ಸುಕ್ಕುಗಟ್ಟಿ ನಿಂತಿತು. ಮರುದಿನದಿಂದ ಬಿಚ್ಚಲು ಕೂತೆ. ಹೊಲಿಯಲು ಹನ್ನೊಂದು ದಿನ, ಬಿಚ್ಚಲು ನಾಲ್ಕು.

ದಾರದ ಬಗ್ಗೆ ಒಂದು ಮಾತು. ಕೆಂಪು ದಾರವನ್ನು ನಂಬಬೇಡಿ. ಅಂಗಡಿಯವರು ಬಣ್ಣ ಗಟ್ಟಿ ಎಂದು ಆಣೆ ಮಾಡಿದ ಲಡಿಯೊಂದು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿದ ಕೂಡಲೇ ಕುಂಕುಮದ ಕಲೆ ಮಾಡಿತು. ಸೀರೆಗೆ ಮುಟ್ಟಿಸುವ ಮೊದಲೇ ನೋಡಿದ್ದರಿಂದ ಬಚಾವಾದೆ.

ಈ ಸೀಮೆಯ ಕೆಲಸಕ್ಕೇ ಆ ಹೆಸರು ಸಲ್ಲಬೇಕೆನ್ನುವ ಭೌಗೋಳಿಕ ಸೂಚಕದ (ಜಿಐ) ಮನ್ನಣೆ ಕಸೂತಿಗೆ ಸಿಕ್ಕಿ ವರ್ಷಗಳಾದವು. ಆದರೂ ಯಂತ್ರದಲ್ಲಿ ಹೊಲಿದ ಗೋಪುರಗಳು ಅದೇ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಅಗ್ಗದ ಸೀರೆ ಬೇಕಾದವರು ಅದನ್ನು ಕೊಂಡುಟ್ಟರೆ ನನ್ನದೇನೂ ತಕರಾರಿಲ್ಲ. ಕೈಕೆಲಸವೆಂದು ಹೇಳಿ ಮಾರುವುದಕ್ಕೆ ಮಾತ್ರ ತಕರಾರು. ಮಗುಚಿ ನೋಡಿದರೆ ಕೆಳಗಿನ ದಾರದ ಸಿಕ್ಕು ತಾನೇ ಗುಟ್ಟು ಬಿಟ್ಟುಕೊಡುತ್ತದೆ. ಎಳೆ ಎಣಿಸಲಾಗದ ಒತ್ತು ನೇಯ್ಗೆಯ ಬಟ್ಟೆಯ ಮೇಲೆ ಜಾಳು ಬಟ್ಟೆ ಇಟ್ಟು ಕಸೂತಿ ಹಾಕಿ, ಆಮೇಲೆ ಆ ಜಾಳಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವವರೂ ಇದ್ದಾರೆ. ಅದು ಮೋಸವಲ್ಲ, ಒಳ್ಳೆಯ ಜಾಣತನ.

ಸೀರೆ ಮುಗಿಯಲು ಏಳು ತಿಂಗಳು ಹಿಡಿಯಿತು. ಅತ್ತೆ ಎಂದಿನಂತೆ ಸೆರಗನ್ನು ಕಿಟಕಿಯ ಬಳಿ ಒಯ್ದು ಮಗುಚಿದರು. ಮತ್ತೆ ಮಗುಚಿದರು. ಗೋಪುರದಲ್ಲಿ ಯಾವುದು ಮುಖ, ಯಾವುದು ಬೆನ್ನು ಎಂದು ಅವರಿಗೆ ತಿಳಿಯಲಿಲ್ಲ. ಆನೆಯ ಒಡಲಿನ ಮೆಂತೆ ಹೊಲಿಗೆ ನೋಡಿ ಗುರುತು ಹಿಡಿದರು. ಆಮೇಲೆ ಬೆರಳು ನಿಧಾನವಾಗಿ ಸರಿಯುತ್ತ ಎಡ ಗೋಪುರದ ಬಾಗಿಲಿನ ಮೂಲೆಯಲ್ಲಿ ನಿಂತಿತು. ಅಲ್ಲಿ ಎರಡು ಎಳೆ ಒಂದರ ಮೇಲೊಂದು ಬಿದ್ದಿದ್ದವು. ಅವರು ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆ ನೋಡಿದೆ.