ಮೊದಲ ಸೂಜಿಗೆ ಮೂರು ತಿಂಗಳು ಮುಂಚೆ

ಹೆಣ್ಣಿನ ಮೊಟ್ಟೆ (ಅಂಡಾಣು) ಮತ್ತು ವೀರ್ಯಾಣುವನ್ನು ಲ್ಯಾಬಿನಲ್ಲಿ ಸೇರಿಸಿ ಭ್ರೂಣ ಮಾಡುವ ಐವಿಎಫ್ ಚಿಕಿತ್ಸೆ ಅಂದರೆ ಆಸ್ಪತ್ರೆಯಲ್ಲಿ ಫೈಲು ತೆರೆದ ದಿನದಿಂದ ಶುರು ಎಂದುಕೊಳ್ಳುವವರೇ ಬಹಳ. ಗದಗದಲ್ಲಿದ್ದು ಹುಬ್ಬಳ್ಳಿಯಲ್ಲಿ ಚಿಕಿತ್ಸೆ ಮಾಡಿಸಿಕೊಂಡ ನಾವು ಉಲ್ಟಾ ಲೆಕ್ಕ ಹಾಕಿದೆವು. ಮೊಟ್ಟೆ ಬೆಳೆಸುವ ಮೊದಲ ಸೂಜಿ ಯಾವ ತಿಂಗಳು ಬೀಳಬೇಕು ಎಂದು ಗೊತ್ತುಮಾಡಿ, ಅಲ್ಲಿಂದ ಮೂರು ತಿಂಗಳು ಹಿಂದಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆವು. ವೀರ್ಯಾಣು ತಯಾರಾಗಿ ಹೊರಬರಲು ಎರಡೂವರೆಯಿಂದ ಮೂರು ತಿಂಗಳು ಬೇಕು. ಇವತ್ತು ಗುಟ್ಕಾ ಬಿಟ್ಟರೆ ಅದರ ಫಲ ರಿಪೋರ್ಟಿನಲ್ಲಿ ಕಾಣುವುದು ಆಮೇಲೆಯೇ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಹತೋಟಿಗೆ ಬರಲಿಕ್ಕೂ ಹೆಚ್ಚುಕಡಿಮೆ ಅಷ್ಟೇ ಸಮಯ ಹಿಡಿಯುತ್ತದೆ. ಆದರೆ ವಯಸ್ಸು 35 ದಾಟಿ, ಎಎಂಎಚ್ (ಅಂಡಾಶಯದಲ್ಲಿ ಉಳಿದ ಮೊಟ್ಟೆಗಳ ಅಂದಾಜು ಕೊಡುವ ರಕ್ತ ಪರೀಕ್ಷೆ) ಕೂಡ ಕಡಿಮೆ ಇದ್ದವರು ಕಾಯುತ್ತ ಕೂಡಬಾರದು. ಅವರು ಚಿಕಿತ್ಸೆ ನಡೆಸುತ್ತಲೇ ತಯಾರಿ ಮಾಡಿಕೊಳ್ಳಲಿ.

ಮೊದಲ ಪರೀಕ್ಷೆ ಗಂಡನದು. ನಮ್ಮ ಕಡೆ ಹೆಂಡತಿಗೆ ಎಲ್ಲ ಸ್ಕ್ಯಾನಿಂಗ್ ಮುಗಿದ ಮೇಲೆ ಗಂಡ ಲ್ಯಾಬಿಗೆ ಹೋಗುತ್ತಾನೆ, ಅದೂ ಒತ್ತಾಯಕ್ಕೆ. ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಅಗ್ಗ, ನೋವಿಲ್ಲದ್ದು, ಅರ್ಧ ಉತ್ತರ ಅದರಲ್ಲೇ ಇರುತ್ತದೆ. ಅದಕ್ಕೆ ಮುಂಚೆ ಕನಿಷ್ಠ 2, ಹೆಚ್ಚೆಂದರೆ 7 ದಿನ ಸಂಪರ್ಕ ಇರಬಾರದು. ಸ್ಯಾಂಪಲ್ ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್ ಇರುವುದರಿಂದ ಮನೆಯಲ್ಲಿ ತೆಗೆದು ಬಸ್ಸಿನಲ್ಲಿ ಒಯ್ಯುವ ಮಾತೇ ಇಲ್ಲ. ಅಲ್ಲೇ ಹೋಗಿ ಕೊಡಬೇಕು. ಮೊದಲ ಹನಿಗಳು ಚೆಲ್ಲಿ ಹೋಗಿದ್ದರೆ ಮುಚ್ಚಿಡದೆ ಹೇಳಬೇಕು, ಯಾಕೆಂದರೆ ವೀರ್ಯಾಣು ಹೆಚ್ಚು ಇರುವುದು ಆ ಭಾಗದಲ್ಲೇ. 2021ರ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ಕೆಳಮಿತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ನೂರಕ್ಕೆ 42 ಚಲನೆಯಲ್ಲಿರಬೇಕು. ಒಂದು ರಿಪೋರ್ಟ್ ಕಡಿಮೆ ಬಂದರೆ ಎದೆ ಒಡೆದುಕೊಳ್ಳುವುದು ಬೇಡ, ಇನ್ನೊಮ್ಮೆ ಮಾಡಿಸಿ. ಡೆಂಗಿಯಂಥ ಜೋರು ಜ್ವರ ಬಂದುಹೋಗಿದ್ದರೆ ಎರಡು ಮೂರು ತಿಂಗಳು ಸಂಖ್ಯೆ ಇಳಿದಿರಬಹುದು.

ಗಂಡಸರು ಬಿಡಬೇಕಾದದ್ದು ತಂಬಾಕು, ಗುಟ್ಕಾ, ಕುಡಿತ. ಜಿಮ್ಮಿನಲ್ಲಿ ಮೈ ಕಟ್ಟಲು ಕೊಡುವ ಟೆಸ್ಟೋಸ್ಟೆರೋನ್ ಇಂಜೆಕ್ಷನ್ ಗಂಡಸುತನ ಹೆಚ್ಚಿಸುತ್ತದೆ ಎಂದು ತಿಳಿದವರಿದ್ದಾರೆ. ವೀರ್ಯಾಣು ಉತ್ಪತ್ತಿಯನ್ನು ನಿಲ್ಲಿಸುವುದೇ ಅದು. ಬೇಕರಿ ಭಟ್ಟಿ, ವೆಲ್ಡಿಂಗ್ ಎದುರು ದಿನವಿಡೀ ನಿಲ್ಲುವವರು ಕಾವಿನಿಂದ ಆಗಾಗ ಹೊರಬರಬೇಕು. ಮೆಣಸಿನಕಾಯಿ, ಹತ್ತಿಗೆ ಕೀಟನಾಶಕದ ಎಣ್ಣೆ ಹೊಡೆಯುವ ಕೆಲಸವನ್ನು ಆ ಮೂರು ತಿಂಗಳು ಬೇರೆಯವರಿಗೆ ವಹಿಸುವುದು ಒಳ್ಳೆಯದು.

ಹೆಣ್ಣುಮಕ್ಕಳ ಪರೀಕ್ಷೆಗಳು ಮುಟ್ಟಿನ ದಿನದ ಮೇಲೆ ನಿಂತಿವೆ. ಎಫ್‌ಎಸ್‌ಎಚ್, ಎಸ್ಟ್ರಡಿಯಾಲ್ ಹಾರ್ಮೋನುಗಳ ರಕ್ತ ಪರೀಕ್ಷೆ, ಅಂಡಾಶಯದ ಸಣ್ಣ ಕೋಶಗಳನ್ನು ಎಣಿಸುವ ಸ್ಕ್ಯಾನಿಂಗ್ ಎರಡನೇ ಅಥವಾ ಮೂರನೇ ದಿನಕ್ಕೆ. ಎಎಂಎಚ್, ಥೈರಾಯ್ಡಿನ ಟಿಎಸ್‌ಎಚ್ ಯಾವ ದಿನವಾದರೂ ನಡೆಯುತ್ತದೆ. ಗರ್ಭನಾಳ, ಅಂದರೆ ಟ್ಯೂಬಿನ ಎಕ್ಸ್‌ರೇ ರಕ್ತ ನಿಂತ ಮೇಲೆ, ಏಳರಿಂದ ಹತ್ತನೇ ದಿನದೊಳಗೆ. ಟ್ಯೂಬಿನಲ್ಲಿ ನೀರು ತುಂಬಿದ್ದರೆ ಭ್ರೂಣ ನಿಲ್ಲುವ ಸಾಧ್ಯತೆ ಇಳಿಯುತ್ತದೆ. ಮೊದಲು ಆ ಟ್ಯೂಬನ್ನು ತೆಗೆಸಬೇಕೋ ಕಟ್ಟಿಸಬೇಕೋ ಎಂದು ತೀರ್ಮಾನಿಸಿ ಮುಂದಿನ ಮಾತು. ಹಿಂದೆ ಟಿಬಿ ಆಗಿದ್ದರೆ ವೈದ್ಯರು ಕೇಳುವ ಮೊದಲೇ ಹೇಳಿ, ಅದು ಸದ್ದಿಲ್ಲದೆ ಟ್ಯೂಬ್ ಮುಚ್ಚಿಸುತ್ತದೆ. ರುಬೆಲ್ಲಾ ರೋಗನಿರೋಧಕ ಶಕ್ತಿ ಇಲ್ಲದಿದ್ದರೆ ಲಸಿಕೆ ಹಾಕಿಸಿ ಒಂದು ತಿಂಗಳು ಗರ್ಭ ತಡೆಯಬೇಕು. ಈ ಒಂದು ಸಣ್ಣ ಕೆಲಸ ಕೊನೆಗೆ ನೆನಪಾಗಿ ಇಡೀ ಸೈಕಲ್ಲನ್ನೇ (ಒಂದು ಸುತ್ತಿನ ಚಿಕಿತ್ಸೆಯನ್ನೇ) ಮುಂದೂಡಿಸುವುದುಂಟು. ರಕ್ತ ಪರೀಕ್ಷೆಗಳನ್ನು ಗದಗದಲ್ಲೇ ಮಾಡಿಸಿ ವಾಟ್ಸಾಪಿನಲ್ಲಿ ಕಳಿಸಿದರೆ ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ. ಸ್ಕ್ಯಾನಿಂಗ್ ಮಾತ್ರ ತಮ್ಮಲ್ಲೇ ಆಗಬೇಕು ಎನ್ನುತ್ತಾರೆ, ಅದು ಸರಿಯೇ.

ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ, ಕನಿಷ್ಠ ಒಂದು ತಿಂಗಳು ಮೊದಲೇ ಶುರುವಾಗಬೇಕು. ಅಂಗಡಿಯವರು ಸಾಮಾನ್ಯವಾಗಿ ಕೈಗೆ ಕೊಡುವ 5 ಮಿಲಿಗ್ರಾಂ ಗುಳಿಗೆ ಸಕ್ಕರೆ ಕಾಯಿಲೆಯವರಿಗೆ, ಮೂರ್ಛೆಗೆ ಔಷಧಿ ತೆಗೆದುಕೊಳ್ಳುವವರಿಗೆ ವೈದ್ಯರು ಬರೆಯುವಂಥದ್ದು. ಊಟ ಬದಲಿಸಬೇಕಾದ್ದು ಬಹಳ ಇಲ್ಲ. ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು ಒಳ್ಳೆಯ ಊಟವೇ. ಪಿಸಿಒಡಿ (ಮುಟ್ಟು ಏರುಪೇರಾಗಿಸುವ ಅಂಡಾಶಯದ ಹಾರ್ಮೋನ್ ತೊಂದರೆ) ಇದ್ದು ತೂಕ ಹೆಚ್ಚಿದ್ದರೆ ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೂ ಮುಟ್ಟು ಸರಿಹೋಗುವುದುಂಟು. ಯಾರೋ ಕೊಟ್ಟ ನಾಟಿ ಔಷಧಿಯ ಪುಡಿ ನಡೆದಿದ್ದರೆ ನಿಲ್ಲಿಸಿ, ನಿಲ್ಲಿಸಿದ್ದನ್ನು ವೈದ್ಯರಿಗೆ ಹೇಳಿ.

ರೊಕ್ಕದ ವಿಷಯ. ಔಷಧಿ ಸೇರಿ ಒಂದು ಸೈಕಲ್ಲಿಗೆ ಒಂದೂವರೆಯಿಂದ ಎರಡೂವರೆ ಲಕ್ಷ ಎಂದು ಹಿಡಿದೇ ನಾವು ಕೂತು ಲೆಕ್ಕ ಹಾಕಿದ್ದು. ಪ್ಯಾಕೇಜ್ ಎಂದು ಬಾಯಲ್ಲಿ ಹೇಳುವ ಮೊತ್ತಕ್ಕೆ ಒಪ್ಪಬೇಡಿ. ಇಂಜೆಕ್ಷನ್ ಅದರಲ್ಲಿ ಇದೆಯೇ, ಅರಿವಳಿಕೆ ವೈದ್ಯರ ಫೀಸು, ಇಕ್ಸಿ (ಒಂದು ವೀರ್ಯಾಣುವನ್ನು ನೇರ ಮೊಟ್ಟೆಯೊಳಗೆ ಚುಚ್ಚುವುದು), ಭ್ರೂಣವನ್ನು ಫ್ರೀಜ್ ಮಾಡುವುದು, ವರ್ಷದ ಬಾಡಿಗೆ, ಆಮೇಲೆ ಕರಗಿಸಿ ವರ್ಗಾಯಿಸುವುದು, ಇವು ಒಂದೊಂದಕ್ಕೂ ಎಷ್ಟು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಮೊಟ್ಟೆ ಬೆಳೆಯದೆ ಸೈಕಲ್ ನಡುವೆ ನಿಂತರೆ ಎಷ್ಟು ವಾಪಸ್ ಎಂಬುದನ್ನೂ. ಹೆಚ್ಚು ಏರುಪೇರಾಗುವುದು ಇಂಜೆಕ್ಷನ್ನಿನ ಬಿಲ್ಲು, ಡೋಸ್ ಹೆಚ್ಚಿಸಿದ ದಿನವೇ ಅದು ಬದಲಾಗುತ್ತದೆ. ನಾವು ಭ್ರೂಣ ವರ್ಗಾವಣೆಯ ಹಣವನ್ನು ಬೇರೆ ಖಾತೆಯಲ್ಲಿಟ್ಟು ಮುಟ್ಟಲಿಲ್ಲ. ಮೊಟ್ಟೆ ತೆಗೆಯುವಷ್ಟರಲ್ಲಿ ಕೈ ಖಾಲಿಯಾಗಿ, ಫ್ರೀಜರಿನಲ್ಲಿರುವ ಭ್ರೂಣಕ್ಕಾಗಿ ಮತ್ತೆ ಸಾಲ ಹುಡುಕುವವರನ್ನು ಆಸ್ಪತ್ರೆಯ ಬೆಂಚಿನ ಮೇಲೆ ಎಷ್ಟೋ ಸಲ ನೋಡಿದ್ದುಂಟು.

ಆರೋಗ್ಯ ವಿಮೆಯನ್ನು ನೆಚ್ಚಬೇಡಿ. ಬಹುತೇಕ ಪಾಲಿಸಿಗಳಲ್ಲಿ ಬಂಜೆತನದ ಚಿಕಿತ್ಸೆ ಹೊರಗಿಟ್ಟ ಪಟ್ಟಿಯಲ್ಲೇ ಇರುತ್ತದೆ. ಕೇಂದ್ರ ಸರ್ಕಾರಿ ನೌಕರಿಯಲ್ಲಿದ್ದವರು, ರೈಲ್ವೆಯವರು, ಚಿಕಿತ್ಸೆಗೆ ಮೊದಲೇ ತಮ್ಮ ಕಚೇರಿಯಲ್ಲಿ ಮರುಪಾವತಿಯ ನಿಯಮ ವಿಚಾರಿಸಿ. ಮುಂಗಡ ಅನುಮತಿ ಇಲ್ಲದ ಬಿಲ್ಲು ತಿರುಗಿ ಬರಬಹುದು. ಒಕ್ಕಲುತನದವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿದ ಮೇಲೆ ತಾರೀಖು ಹಿಡಿಯುವುದು ವಾಸಿ. ಸಾಲ ಅನಿವಾರ್ಯವಾದರೆ ಬಂಗಾರದ ಮೇಲೆ ತೆಗೆಯಿರಿ. ವಾರದ ಕಂತಿನ ಸಾಲ ಬೇಡ, ಸೂಜಿಯ ದಿನಗಳಲ್ಲಿ ದುಡಿಮೆಯೂ ನಿಂತಿರುತ್ತದೆ, ಕಂತು ನಿಲ್ಲುವುದಿಲ್ಲ.

"ಅವಳಿ ಆದ್ರ ಒಂದ ಖರ್ಚಿನ್ಯಾಗ ಎರಡು ಮುಗೀತಲ್ಲ" ಎಂದು ಹಿರಿಯರು ಹೇಳುತ್ತಾರೆ. ಅವಳಿ ಗರ್ಭದಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಹೆಚ್ಚು, ನವಜಾತ ಶಿಶುಗಳ ಐಸಿಯು ಬಿಲ್ಲು ಐವಿಎಫ್ ಬಿಲ್ಲನ್ನೇ ಮೀರಿಸಬಹುದು. ಒಳ್ಳೆಯ ಭ್ರೂಣಗಳಿದ್ದರೆ ಒಂದನ್ನೇ ಹಾಕಿಸಿ ಉಳಿದದ್ದನ್ನು ಫ್ರೀಜ್ ಮಾಡಿಸುವುದಕ್ಕೆ ನನ್ನ ಮತ.

ಕ್ಲಿನಿಕ್ ಆರಿಸುವಾಗ ಗೋಡೆಯ ಮೇಲಿನ ನೋಂದಣಿ ಪತ್ರ ಓದಿ. 2021ರ ಎಆರ್‌ಟಿ (ನೆರವಿನ ಸಂತಾನ ಚಿಕಿತ್ಸೆಯ) ಕಾಯ್ದೆಯ ನಿಯಮಗಳ ಪ್ರಕಾರ ಲೆವೆಲ್ 1 ಎಂದಿದ್ದರೆ ಅಲ್ಲಿ ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವುದು) ಮಾತ್ರ. ಐವಿಎಫ್‌ಗೆ ಲೆವೆಲ್ 2 ಬೇಕು. ಹೆಂಡತಿಗೆ 21ರಿಂದ 50, ಗಂಡನಿಗೆ 21ರಿಂದ 55 ವರ್ಷದ ಮಿತಿಯಿದೆ. ಆಪ್ತಸಮಾಲೋಚನೆ ಕೊಡುವುದೂ ಕ್ಲಿನಿಕ್ಕಿನ ಕರ್ತವ್ಯ, ಕೇಳಿ ಪಡೆಯಿರಿ.

ಇನ್ನು ಮನೆ ಮಂದಿ. ಎರಡೂ ಕಡೆಯಿಂದ ಒಬ್ಬೊಬ್ಬರಿಗೆ ಮಾತ್ರ ಹೇಳುವುದು ಎಂದು ಮೊದಲೇ ಮಾತಾಡಿಕೊಳ್ಳಿ. "ಏನವಾ, ಏನರ ಸುದ್ದಿ ಐತೇನ?" ಎನ್ನುವ ಅತ್ತಿ, ಚಿಗವ್ವಂದಿರಿಗೆ "ದವಾಖಾನಿ ನಡದೈತ್ರಿ, ಆದ್ರ ನಾವ ಹೇಳ್ತೀವಿ" ಎಂಬ ಒಂದೇ ಉತ್ತರವನ್ನು ಇಬ್ಬರೂ ಕೊಡಬೇಕು, ಅದನ್ನು ಮೊದಲು ಹೇಳುವವನು ಗಂಡನಾದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಸೂಜಿಯ ದಿನಗಳಲ್ಲಿ ಬಂದ ಸೀಮಂತ, ತೊಟ್ಟಿಲ ಕಾರ್ಯಕ್ರಮಕ್ಕೆ ಉಡುಗೊರೆ ಕಳಿಸಿದರೆ ಸಾಕು. ಎಷ್ಟು ಸೈಕಲ್ ಮಾಡಿಸುವುದು, ದಾನಿಯ ಮೊಟ್ಟೆ ಅಥವಾ ವೀರ್ಯಕ್ಕೆ ಒಪ್ಪುವುದೋ ಇಲ್ಲವೋ ಎಂಬುದನ್ನು ಸೋತ ಸಂಜೆ ಮಾತಾಡಲಿಕ್ಕಾಗದು, ಮೊದಲೇ ತೀರ್ಮಾನವಾಗಿರಲಿ. ಚಿಂತೆ ಮಾಡಿದ್ದಕ್ಕೇ ಗರ್ಭ ನಿಲ್ಲಲಿಲ್ಲ ಎಂದು ಹೆಣ್ಣಿನ ಮೇಲೆ ಹೊರಿಸುವ ಮಾತಿಗೆ ಆಧಾರವಿಲ್ಲ. ನಿದ್ದೆಯೇ ಹಾರಿಹೋದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಸೂಜಿ ದಿನವೂ ಇರುತ್ತದೆ, ಎಂಟರಿಂದ ಹನ್ನೆರಡು ದಿನ. ಮನೆಯಲ್ಲೇ ಚುಚ್ಚಿಕೊಳ್ಳಲು ಕಲಿತರೆ ಅರ್ಧ ಓಡಾಟ ಉಳಿಯುತ್ತದೆ. ಔಷಧಿ ತುಂಬಿದ ಇಂಜೆಕ್ಷನ್ ಪೆನ್ನನ್ನು ಫ್ರಿಜ್ಜಿನ ನಡುವಿನ ಹಲಗೆಯ ಮೇಲಿಡಿ, ಬಾಗಿಲಲ್ಲೂ ಬೇಡ, ಫ್ರೀಜರ್ ಹತ್ತಿರವೂ ಬೇಡ. ಹೆಪ್ಪುಗಟ್ಟಿದ ಔಷಧಿ ಕೆಟ್ಟಂತೆಯೇ. ಬಸ್ಸಿನಲ್ಲಿ ಒಯ್ಯುವಾಗ ಐಸ್ ಪ್ಯಾಕಿಗೂ ಔಷಧಿಗೂ ನಡುವೆ ದಪ್ಪ ಟವೆಲ್ ಸುತ್ತಿ. ಚುಚ್ಚುವ ಕಾಲು ಗಂಟೆ ಮೊದಲು ಹೊರಗೆ ತೆಗೆದರೆ ಉರಿ ಕಡಿಮೆ. ಹೊಕ್ಕುಳಿನಿಂದ ಎರಡು ಇಂಚು ಪಕ್ಕಕ್ಕೆ, ಸ್ಪಿರಿಟ್ ಒಣಗಿದ ಮೇಲೆ ಚರ್ಮ ಹಿಡಿದೆತ್ತಿ ನೇರ ಚುಚ್ಚಿ, ಗುಂಡಿ ಒತ್ತಿ ಹತ್ತು ಎಣಿಸಿ ತೆಗೆಯಿರಿ. ಪೆನ್ನಿನ ಕಿಟಕಿಯಲ್ಲಿ ಸೊನ್ನೆ ಬರದೆ ಬೇರೆ ಅಂಕಿ ನಿಂತಿದ್ದರೆ ಔಷಧಿ ಮುಗಿದಿದೆ ಎಂದರ್ಥ. ಅಷ್ಟನ್ನು ಹೊಸ ಪೆನ್ನಿನಿಂದ ತೆಗೆದುಕೊಳ್ಳಬೇಕು. ಇದನ್ನು ಗಮನಿಸದೆ ಅರ್ಧ ಡೋಸಿಗೇ ಮಲಗುವವರಿದ್ದಾರೆ.

ಮೊಟ್ಟೆಯನ್ನು ಬಲಿಸುವ ಕೊನೆಯ ಟ್ರಿಗರ್ ಸೂಜಿ ಮಾತ್ರ ಗಡಿಯಾರ ನೋಡಿಯೇ. ರಾತ್ರಿ ಹತ್ತು ಎಂದರೆ ಹತ್ತು, ಮೊಟ್ಟೆ ತೆಗೆಯುವುದು ಅದಾದ 34ರಿಂದ 36 ಗಂಟೆಗೆ. ಬೇಗ ತೆಗೆದರೆ ಮೊಟ್ಟೆ ಬಲಿತಿರುವುದಿಲ್ಲ, ತಡವಾದರೆ ಕೋಶ ಒಡೆದು ಮೊಟ್ಟೆ ಹೊರಬಿದ್ದಿರಬಹುದು. ಅರ್ಧ ಗಂಟೆ ತಡವಾಗಿ ಕೊಟ್ಟಿದ್ದರೆ ಆಗಲೇ ಫೋನ್ ಮಾಡಿ ತಿಳಿಸಿ, ಆಪರೇಶನ್ ಥಿಯೇಟರಿನ ಸಮಯ ಸರಿಸುತ್ತಾರೆ. ಆ ಎರಡು ರಾತ್ರಿ ಹುಬ್ಬಳ್ಳಿಯಲ್ಲೇ ಉಳಿಯುವುದು ಲೇಸು. ಮೊಟ್ಟೆ ತೆಗೆದ ಮೇಲೆ ಹೊಟ್ಟೆ ಬಿಗಿದು ಉಬ್ಬಿದರೆ, ತೂಕ ದಿನಕ್ಕೆ ಒಂದು ಕಿಲೋ ಏರಿದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಪಿಸಿಒಡಿ ಇದ್ದವರಿಗೆ ಈ ತೊಂದರೆಯ ಸಾಧ್ಯತೆ ಹೆಚ್ಚು.

ಭ್ರೂಣ ಹಾಕಿದ ಮೇಲೆ ಹಾಸಿಗೆ ಹಿಡಿದು ಮಲಗಬೇಕಿಲ್ಲ, ಮನೆಯ ಹಗುರ ಕೆಲಸ ಮಾಡಬಹುದು. ಗರ್ಭ ನಿಂತಿದೆಯೇ ಎಂದು ಮನೆಯ ಕಿಟ್ಟಿನಲ್ಲಿ ಬೇಗ ನೋಡಬೇಡಿ. ಟ್ರಿಗರ್ ಸೂಜಿ ಎಚ್‌ಸಿಜಿಯದಾಗಿದ್ದರೆ (ಕಿಟ್ಟು ಹುಡುಕುವುದೂ ಇದೇ ಹಾರ್ಮೋನು) ಆ ಔಷಧಿಯೇ ಹತ್ತು ಹದಿನಾಲ್ಕು ದಿನ ಸುಳ್ಳು ಗೆರೆ ತೋರಿಸಬಹುದು. ವೈದ್ಯರು ಹೇಳಿದ ದಿನ ಬೆಳಗ್ಗೆ ಗದಗದಲ್ಲೇ ರಕ್ತ ಕೊಟ್ಟು, ರಿಪೋರ್ಟ್ ಯಾರ ಮೊಬೈಲಿಗೆ ಬರಬೇಕು ಎಂದು ಲ್ಯಾಬಿನಲ್ಲಿ ಬರೆಸಿ. ಫಲಿತಾಂಶ ಏನೇ ಬಂದರೂ ಎಲ್ಲ ಸ್ಕ್ಯಾನ್ ಚೀಟಿ, ಔಷಧಿಯ ಡೋಸ್, ಎಷ್ಟು ಮೊಟ್ಟೆ ಬಂದವು, ಎಷ್ಟು ಬಲಿತಿದ್ದವು, ಯಾವ ದರ್ಜೆಯ ಭ್ರೂಣ ಎಂಬ ಲ್ಯಾಬ್ ಹಾಳೆಯ ಪ್ರತಿ ಕೇಳಿ ಪಡೆಯಿರಿ. ಮುಂದಿನ ಡೋಸನ್ನು ವೈದ್ಯರು, ಇವರಿರಲಿ ಬೇರೆಯವರಿರಲಿ, ಆ ಹಾಳೆ ನೋಡಿಯೇ ಬರೆಯುವುದು.