ಪೊಸಡಿ ಗುಂಪೆಗೆ ಹೋಗುವವರ ಗಮನಕ್ಕೆ

ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಗುಡ್ಡ ಯಾವುದೆಂದು ವಿಚಾರಿಸುವವರಿಗೆ ನಾನು ಮೊದಲು ಸೂಚಿಸುವುದು ಕಾಸರಗೋಡು ಜಿಲ್ಲೆಯ ಧರ್ಮತ್ತಡ್ಕದ ಸಮೀಪದ ಪೊಸಡಿ ಗುಂಪೆಯನ್ನು. ಸಮುದ್ರಮಟ್ಟದಿಂದ ಸುಮಾರು 1060 ಅಡಿ ಎತ್ತರದ ಈ ಗುಡ್ಡದ ನೆತ್ತಿಯಿಂದ, ಆಕಾಶ ತಿಳಿಯಾಗಿರುವ ದಿನ, ಪಡುವಣಕ್ಕೆ ಅರಬ್ಬೀ ಸಮುದ್ರವೂ ಮೂಡಣಕ್ಕೆ ಘಟ್ಟದ ಸಾಲೂ ಕಾಣುತ್ತವೆ.

ಮಳೆ ಇಳಿಮುಖವಾಗುವ ಸೆಪ್ಟೆಂಬರ್ ತಿಂಗಳೇ ನನ್ನ ಆಯ್ಕೆ. ಆಗ ನಮ್ಮ ಜಿಲ್ಲೆಯ ಮುರಕಲ್ಲಿನ ಪಾರೆಗಳಲ್ಲಿ ನೀರು ತೆಳುವಾಗಿ ನಿಂತಲ್ಲೆಲ್ಲ ಯುಟ್ರಿಕ್ಯುಲೇರಿಯಾ ಎಂಬ ಪುಟ್ಟ ಗಿಡದ ನೀಲಿ ಹೂಗಳು ಅರಳಿರುತ್ತವೆ. ಉಗುರಿನಷ್ಟೇ ಇರುವ ಆ ಹೂವಿನ ಗಿಡ ಬುಡದ ಪುಟ್ಟ ಚೀಲಗಳಲ್ಲಿ ನೀರಿನ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುತ್ತದೆಂದು ಹೇಳಿದರೆ ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ. ಆದರೆ ಪಾಚಿ ಹಿಡಿದ ಮುರಕಲ್ಲು ಬಹಳ ಜಾರುವುದರಿಂದ ಹವಾಯಿ ಚಪ್ಪಲಿ ಬೇಡ. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಬಳಿಕ ಗುಡುಗು ಸಿಡಿಲು ಸಾಮಾನ್ಯವಾಗಿದ್ದು, ಬೋಳು ನೆತ್ತಿಯಲ್ಲಿ ಆಸರೆಯಿಲ್ಲದ ಕಾರಣ ಬೆಳಿಗ್ಗೆಯೇ ಹತ್ತಿ ಊಟದ ಹೊತ್ತಿಗೆ ಇಳಿದುಬಿಡಬೇಕು. ಬೇಸಗೆಯಲ್ಲಿ ಒಣಗಿದ ಮುಳಿಹುಲ್ಲಿನ ಹತ್ತಿರ ಬೆಂಕಿಕಡ್ಡಿ ಗೀರಲೇಬಾರದು.

ಕಾಡಿನ ನೆರಳೇ ಬೇಕೆನ್ನುವವರು ನಮ್ಮ ಜಿಲ್ಲೆಯಲ್ಲೇ ಪನತ್ತಡಿಯ ಕಡೆಯ ರಾಣಿಪುರ ಬೆಟ್ಟಕ್ಕೆ ಹೋಗಬಹುದು. ಮಳೆಗಾಲದಲ್ಲಿ ಜಿಗಣೆಗಳ ಕಾಟವಿರುವುದರಿಂದ ಒಂದು ಪೊಟ್ಟಣ ಉಪ್ಪು ಜೊತೆಗಿರಲಿ.